ಬೇಲಿಯಾಚೆಯ ಮೂಗು

ಜ್ವರ ಇಳಿದ ಒಂಬತ್ತನೆಯ ದಿನ ಗೊತ್ತಾಯಿತು
ಮೂಗು ಹೋಗಿದೆ ಎಂದು.
ಮುಖದ ಮೇಲೇ ಇತ್ತು, ಕನ್ನಡಕ ಹೊತ್ತುಕೊಂಡು,
ಒಳಗೆ ಮಾತ್ರ ಬಾಡಿಗೆಯವರು ಖಾಲಿ ಮಾಡಿಹೋದ ಹಾಗೆ.
ಗ್ಯಾರೇಜಿನಲ್ಲಿ ಡೀಸೆಲ್ಲಿಲ್ಲ, ಗ್ರೀಸಿಲ್ಲ.
ಹೂಮಳೆ ಬಿದ್ದು ವಾರ ಕಳೆದು
ಸುಂಟಿಕೊಪ್ಪದ ಸುತ್ತಲ ತೋಟಗಳೆಲ್ಲ ಅರಳಿ
ಬಸ್ಸಿನವರು ಕಿಟಕಿ ಸರಿಸಿ ಉಸಿರೆಳೆಯುವಾಗ
ನನಗದು ಬರೀ ಬಿಳಿ.

"ಬರುತ್ತೆ ಬಿಡಿ" ಅಂದರು ಡಾಕ್ಟರು,
ಕೊನೆಯ ಬಸ್ಸಿನ ಬಗ್ಗೆ ಹೇಳುವ ಹಾಗೆ.

ಕಾಫಿ ಬಿಡುವುದುಂಟೇ?
ಜೀಪು ರಿಪೇರಿಯ ಬಾಕಿಗೆ ಯಾರೋ ಕೊಟ್ಟ ಪೀಬೆರಿ
ಅರ್ಧ ಚೀಲ ಇನ್ನೂ ಅಟ್ಟದಲ್ಲಿತ್ತು.
ಮೂವತ್ತು ವರ್ಷ ಬಾನೆಟ್ಟು ಎತ್ತದೆ
ಸದ್ದು ಕೇಳಿಯೇ ಕಾಯಿಲೆ ಹೇಳಿದವನು;
ಬೀಜವೂ ಒಂದು ಎಂಜಿನ್ನೇ ತಾನೆ ಎಂದು
ಕಬ್ಬಿಣದ ಬಾಣಲೆ ಒಲೆಗಿಟ್ಟೆ.

ಮೊದಲು ಸರಸರ, ಒಣ ಸದ್ದು.
ಹಸಿರು ಹಳದಿಯಾಗುತ್ತದೆ, ಹಳದಿ ಕಂದಾಗುತ್ತದೆ,
ಸಿಪ್ಪೆ ಹಾರಿ ಮೀಸೆಗೆ ಅಂಟುತ್ತದೆ.
ಆಮೇಲೆ ಪಟ್.
ತುಂಬ ಹೊತ್ತು ಏನೂ ಇಲ್ಲ.
ಮತ್ತೆ ಪಟ್ ಪಟ್, ಸಾಲಾಗಿ.
ಅಲ್ಲಿಯವರೆಗೆ ಕಿವಿಗೆ ಗೊತ್ತು.
ಅಲ್ಲಿಂದ ಮುಂದಿನ ಅರ್ಧ ನಿಮಿಷ ಮೂಗಿನದು.

ಮೊದಲ ಸಲ ಇದ್ದಿಲು.
ಎರಡನೆಯ ಸಲ ಹುಳಿ, ಹಲ್ಲು ಚಳಿತು.
ನಾಲಗೆಗೆ ಬರುವುದು ಅಷ್ಟೇ ಮಾತು, ಬಡಪಾಯಿ.
ಮೂರನೆಯ ಸಲ ದಾಸವಾಳದ ಬೇಲಿಯಾಚೆಯಿಂದ ಕೂಗು:
"ಬೆಳ್ಯಪ್ಪಣ್ಣಾ, ಇಳಿಸಿ! ಸೀದು ಹೋಗ್ತದೆ!"
ಬೀಪಾತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು
ಮೀನು ಕೊಯ್ಯುತ್ತಿದ್ದಾಳೆ,
ಮೊಣಕೈವರೆಗೆ ಮತ್ತಿಯ ಪೊರೆ,
ಮೂಗು ಮಾತ್ರ ನನ್ನ ಒಲೆಯ ಮೇಲೆ.

ಅವತ್ತಿನಿಂದ ಭಾನುವಾರಗಳು ಪಾಲಿನ ವ್ಯಾಪಾರ.
ಪಟ್ ಅನ್ನುವವರೆಗೆ ನಾನು, ಆಮೇಲೆ ಅವಳು.

ಅಷ್ಟರಲ್ಲಿ ರಂಜಾನ್ ಬಂತು.
"ಈ ತಿಂಗಳು ಹುರಿಯೋದಿಲ್ಲ ಬೀಪಾತು,
ನೋಂಬು ಹಿಡಿದವರ ಮೂಗಿನ ಹತ್ತಿರ..." ಅಂದೆ.
ಸೊಂಟಕ್ಕೆ ಕೈಯಿಟ್ಟು ನಿಂತಳು.
"ಮೂಸಿದ್ದಕ್ಕೆಲ್ಲ ಲೆಕ್ಕ ಕೇಳೋಕೆ
ಪಡೆದವನೇನು ಸೊಸೈಟಿ ಗುಮಾಸ್ತನಾ?
ಹಚ್ಚಿ ಒಲೆ."

ಸಂಜೆ ನಾಲ್ಕೂವರೆ. ಅವಳ ತುಟಿ ಒಣಗಿದೆ.
ನಾನು ಸೌಟಾಡಿಸುತ್ತೇನೆ, ಅವಳು ಕಣ್ಣು ಮುಚ್ಚಿ
ಕುರುಡನಿಗೆ ದಾರಿ ಹೇಳಿದ ಹಾಗೆ ಹೇಳುತ್ತಾಳೆ:
ಈಗ ಒದ್ದೆ ಗೋಣಿ.
ಈಗ ಕಾವಲಿಯ ಅಕ್ಕಿರೊಟ್ಟಿ, ಅಂಚು ಮಾತ್ರ.
ಈಗ ನಿಮ್ಮ ಹಳೇ ಜೀಪಿನ ಸೀಟು ಬಿಸಿಲಿಗೆ ಕಾದದ್ದು.
ತಾಳಿ.
ಈಗ ಬೆಲ್ಲ, ಪಾಕಕ್ಕೆ ಇನ್ನೇನು ಬಂತು,
ತಾಳಿ, ತಾಳಿ,
ಹ್ಞಾಂ!

ಮೊರಕ್ಕೆ ಸುರಿದು ಬೀಸುತ್ತೇನೆ.
ಮೊನ್ನೆ ಹುರಿದದ್ದನ್ನು ಇವತ್ತಿಗೆ ತೆಗೆಯುತ್ತೇನೆ
(ಹೊಸದಕ್ಕೆ ಒಂದೆರಡು ದಿನದ ಸಿಟ್ಟಿರುತ್ತದೆ).
ಕೈಗಿರಣಿಯ ಹಿಡಿ ತಿರುಗಿಸಿ, ಸಣ್ಣ ರವೆಯಷ್ಟು,
ಫಿಲ್ಟರಿಗೆ ಹಾಕಿ ಸವರುತ್ತೇನೆ, ಅದುಮುವುದಿಲ್ಲ,
ಕೊಡೆ ಇಟ್ಟು, ಕುದಿ ಇಳಿದ ನೀರು ಸುತ್ತಲೂ ಹೊಯ್ದು
ತಗಡಿಗೆ ಕಿವಿ ಹಚ್ಚಿ ಕೂರುತ್ತೇನೆ.
ಟಪ್.
ಬೇಗ ಬಿದ್ದರೆ ನೀರು, ಬೀಳದಿದ್ದರೆ ಜಾಮು.
ಟಪ್. ಕಾರ್ಬ್ಯುರೇಟರ್ ಇದಕ್ಕಿಂತ ಸುಲಭ.

ಬಾಂಗು ಕೇಳಿತು.
ಬೇಲಿಯ ಸಂದಿಯಲ್ಲಿ ಲೋಟ ದಾಟಿಸಿದೆ,
ಹಾಲಿಲ್ಲ, ಬೆಲ್ಲ ಅವಳ ಲೆಕ್ಕಕ್ಕೆ.
ಖರ್ಜೂರ ಮೊದಲು, ನೀರು ಆಮೇಲೆ,
ಆಮೇಲೆ ಇದು.
ಒಂದು ಗುಟುಕು. ಇನ್ನೊಂದು.
ಏನೂ ಹೇಳುವುದಿಲ್ಲ.
ನನ್ನ ಲೋಟದಲ್ಲಿ ಬಿಸಿ ಇದೆ, ಸಿಹಿ ಇದೆ,
ಅಂಚಿನಲ್ಲಿ ಒಂದಿಷ್ಟು ಕಹಿ ಇದೆ;
ಗೋಣಿ, ರೊಟ್ಟಿ, ಸೀಟು, ಪಾಕ
ಅವಳ ಬಾಯಿಂದ ಕೇಳಿದ್ದನ್ನೇ ಒಂದೊಂದಾಗಿ
ನೆನೆಸಿಕೊಂಡು ಕುಡಿಯುತ್ತೇನೆ.

"ಹೇಗಿದೆ?"

"ಫಿಲ್ಟರ್ ತೊಳೀರಿ ಬೆಳ್ಯಪ್ಪಣ್ಣ,
ಮೊನ್ನೆಯ ಗಸಿ ಹಾಗೇ ಇದೆ."

ಛೆ. ಅದಕ್ಕೆ ಮೂಗು ಬೇಕಿರಲಿಲ್ಲ.